ಹಳ್ಳದಾಚೆಯ ಹೆರಿಗೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗಂಡನ ಮನೆಯಲ್ಲಿ ಎಷ್ಟೇ ಅನುಕೂಲವಿರಲಿ, ತವರಿನಲ್ಲಿ ಎಷ್ಟೇ ತಾಪತ್ರಯವಿರಲಿ, ಸೀಮಂತದ ಕುಬುಸ ಮಾಡಿ ಉಡಿ ತುಂಬಿದ ಮೇಲೆ ಬಸುರಿ ಹೆಣ್ಣುಮಗಳು ಅಪ್ಪನ ಜೊತೆ ಹೊರಟುಬಿಡುತ್ತಾಳೆ. ಹಾಗಾಗಿ, ಚಿಪ್ಪಗಿರಿ ಹತ್ತಿರದ ಹಳ್ಳಿಯ ಗಂಡನ ಮನೆಯಲ್ಲಿ ನನ್ನ ಅಕ್ಕನ ಮಗಳ ಕುಬುಸದ ದಿನ ಅವಳ ಅಪ್ಪ, ಅಂದರೆ ನನ್ನ ಭಾವ, ಊಟದ ನಡುವೆ ಎದ್ದು ನಿಂತು, ಮಗಳನ್ನು ತಾನು ಕರೆದೊಯ್ಯುವುದು ತನ್ನ ಮನೆಗಲ್ಲ, ಹಳ್ಳದಾಚೆ ಇರುವ ತನ್ನ ತಂಗಿಯ ಮನೆಗೆ ಎಂದು ಹೇಳಿದಾಗ, ಎಲೆಯ ಮುಂದೆ ಕುಳಿತಿದ್ದ ಹೆಂಗಸರ ಕೈಗಳು ನಿಂತವು.

"ಯಾಕ್ರೀ ಬೀಗರ, ನಿಮ್ಮ ಮನಿ ಮಾಳಿಗಿ ಸೋರತೈತೇನು?" ಎಂದು ಗಂಡಿನ ಕಡೆಯ ಹೆಂಗಸೊಬ್ಬಳು ಕೇಳಿದಳು. ಬಾಣಂತಿಗೆ ನೀರು ಕಾಯಿಸಲು ಕಟ್ಟಿಗೆ ಇಲ್ಲದಿದ್ದರೆ ತಾನೇ ಹೊರೆ ಹೊತ್ತು ತರುವುದಾಗಿ ಇನ್ನೊಬ್ಬಳು ಹೇಳಿದಳು. ಎಲ್ಲರೂ ನಕ್ಕರು. ಅಕ್ಕ ಮಾತ್ರ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದಳು.

ಭಾವ ಕುರಿ ಸಾಕುವವನು, ಮಾತು ಕಡಿಮೆ. ಅವನು ನಗು ಮುಗಿಯುವವರೆಗೆ ಕಾದು, "ಕೂಸು ಆ ಕಡಿ ಹುಟ್ಟಿದ್ರ ಆ ಕಡಿ ಕುಲ ಸಿಗತೈತಿ" ಎಂದ. ಆಮೇಲೆ ಯಾರೂ ನಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಮಾತಿನ ಅರ್ಥ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.

ನಾವು ಬೋಯರು. ಆಂಧ್ರದ ಹಾಲಹರವಿ ಮಂಡಲದ ಅಂಚಿನಲ್ಲಿ ನಮ್ಮ ಊರು. ಊರಿನ ಪಡುವಣಕ್ಕೆ ಒಂದು ಹಳ್ಳ; ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಉಳಿದ ಕಾಲದಲ್ಲಿ ಬರೀ ಮರಳು ಮತ್ತು ಜಾಲಿ. ಹಳ್ಳ ದಾಟಿದರೆ ಬಳ್ಳಾರಿ ಜಿಲ್ಲೆ. ಆಚೆಯವರಿಗೂ ನಮಗೂ ಒಂದೇ ಮನೆದೇವರು, ಒಂದೇ ಬೆಡಗು, ಕೊಟ್ಟು ತಂದ ಸಂಬಂಧ. ಮದ್ರಾಸ್ ಪ್ರಾಂತ್ಯ ಒಡೆಯುವವರೆಗೆ ಈಚೆಯೂ ಬಳ್ಳಾರಿ ಜಿಲ್ಲೆಯೇ ಆಗಿತ್ತು. ಒಡೆದಾಗ ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ನಮ್ಮ ಅಜ್ಜಂದಿರನ್ನು ಯಾರೂ ಕೇಳಲಿಲ್ಲ. ಅವರೂ ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಆ ಗೆರೆಯಿಂದ ಅವರ ಹೊಲವೂ ಹೋಗಲಿಲ್ಲ, ಕುರಿಯೂ ಹೋಗಲಿಲ್ಲ. ಗೆರೆ ಕೊಯ್ಯಲು ಶುರು ಮಾಡಿದ್ದು ಬಹಳ ಆಮೇಲೆ. ಆಚೆ ಕಡೆ ನಮ್ಮವರನ್ನು ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಈಚೆ ನಾವು ಹಿಂದುಳಿದ ವರ್ಗವಾಗಿಯೇ ಉಳಿದೆವು. ಇದೇ ಆಂಧ್ರದ ಪೂರ್ವ ತುದಿಯ ಗುಡ್ಡಗಾಡಿನಲ್ಲಿ ಇದೇ ವಾಲ್ಮೀಕಿ ಹೆಸರಿನವರು ಪಂಗಡದಲ್ಲಿದ್ದಾರೆ. ಅಂದರೆ ನಾವು ಪಡುವಣಕ್ಕೆ ಹಳ್ಳ ದಾಟಿದರೂ ಬುಡಕಟ್ಟು, ಮೂಡಣಕ್ಕೆ ಬೆಟ್ಟ ಹತ್ತಿದರೂ ಬುಡಕಟ್ಟು. ನಮ್ಮ ಮನೆಯಲ್ಲಿ ಇದ್ದರೆ ಅಲ್ಲ.

ನಾನು ಆದೋನಿಯಲ್ಲಿ ಕೂತು ಕನ್ನಡ ಪತ್ರಿಕೆಗೆ ಸುದ್ದಿ ಬರೆಯುವವನು. ಪ್ರತಿ ಚುನಾವಣೆಯಲ್ಲೂ ಈ ಬೇಡಿಕೆಯ ಬಗ್ಗೆ ಬರೆದಿದ್ದೇನೆ. ಎಲ್ಲ ಪಕ್ಷದವರೂ ಮಾತು ಕೊಟ್ಟಿದ್ದಾರೆ. ವಿಧಾನಸಭೆಯಲ್ಲಿ ನಿರ್ಣಯವಾಗಿದೆ, ಕಾಗದ ದೆಹಲಿಗೆ ಹೋಗಿದೆ, ದೆಹಲಿ ವಿವರಣೆ ಕೇಳಿದೆ. ಇದು ವರದಿ. ಇದರ ಕೆಳಗಿನ ಲೆಕ್ಕಾಚಾರ ಬೇರೆ. ಆಚೆ ಕಡೆ ನಮ್ಮವರ ಸಂಖ್ಯೆ ದೊಡ್ಡದಾಗಿದ್ದದ್ದು ಅವರಿಗೆ ಲಾಭವಾಯಿತು: ಪಟ್ಟಿಗೆ ಸೇರಿದರು, ಕ್ಷೇತ್ರಗಳು ಮೀಸಲಾದವು, ಗೆದ್ದವರು ಮಂತ್ರಿಗಳಾದರು, ಮಂತ್ರಿಗಳಾದವರು ಹಾಸ್ಟೆಲು, ವಸತಿ ಶಾಲೆ, ನಿಗಮ ತಂದರು. ಈಚೆ ಅದೇ ದೊಡ್ಡ ಸಂಖ್ಯೆ ನಮಗೆ ಮುಳುವಾಯಿತು. ಇಷ್ಟು ಜನರನ್ನು ಒಮ್ಮೆಲೇ ಒಳಗೆ ಬಿಟ್ಟರೆ ಈಗಾಗಲೇ ಪಟ್ಟಿಯಲ್ಲಿರುವ ತಾಂಡಾದವರ, ಗುಡ್ಡದವರ ಪಾಲು ಕರಗುತ್ತದೆ ಎಂಬ ಭಯವಿದೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಅವರ ಪಾಲು ಈಗಲೇ ಅಷ್ಟಕ್ಕಷ್ಟೆ. ಆದರೆ ಪಾಲನ್ನು ಹಿಗ್ಗಿಸುವ ಮಾತನ್ನು ಯಾವ ಸರ್ಕಾರವೂ ಆಡುವುದಿಲ್ಲ. ಕರಾವಳಿಯ ಜಿಲ್ಲೆಗಳಿಗೆ ಸೀಟು ಜಾಸ್ತಿ, ಅಲ್ಲಿಯ ಬೇಡಿಕೆ ಬೇಗ ಕಿವಿಗೆ ಬೀಳುತ್ತದೆ. ನಮ್ಮದು ರಾಜ್ಯದ ಅಂಚು. ಅಂಚಿನವರಿಗೆ ಒಂದು ಭರವಸೆ ಸಾಕು, ಅದನ್ನೇ ತೊಳೆದು ತೊಳೆದು ಉಡಿಸಬಹುದು.

ಒಂದು ಪಕ್ಷದ ಊರ ಮಟ್ಟದ ಮುಖಂಡನೊಬ್ಬ, ನಮ್ಮ ಜಾತಿಯವನೇ, ಪ್ರಚಾರ ಮುಗಿಸಿ ಚಹಾ ಕುಡಿಯುತ್ತ ನನಗೆ ಇದನ್ನು ಬಹಳ ಸಮಾಧಾನದಿಂದ ವಿವರಿಸಿದ್ದ. "ಕೊಟ್ಟುಬಿಟ್ರ ಮುಂದಿನ ಸಲ ಏನಂತ ಓಟು ಕೇಳೂದಣ್ಣ?" ಎಂದಿದ್ದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದನ್ನು ಬರೆಯಬಾರದೆಂದು ಕೇಳಿಕೊಂಡೂ ಇರಲಿಲ್ಲ. ಬರೆದರೂ ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಇದೆಲ್ಲ ಭಾವನ ಮನೆಯೊಳಗೆ ಹೇಗೆ ಬಂತೆಂದರೆ ಅವನ ತಂಗಿಯಿಂದ. ಅವಳನ್ನು ಆಚೆ ಊರಿಗೆ ಕೊಟ್ಟಿದ್ದರು. ಅವಳಿಗೆ ಇಬ್ಬರೂ ಗಂಡುಮಕ್ಕಳು. ದೊಡ್ಡವನು ವಸತಿ ಶಾಲೆಯಲ್ಲಿ ಓದಿ, ಹಾಸ್ಟೆಲಿನಲ್ಲಿದ್ದು ಪದವಿ ಮುಗಿಸಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ. ನನ್ನ ಅಕ್ಕನ ಮಗಳು ಅವನಿಗಿಂತ ಚುರುಕು. ಇದನ್ನು ಅವನೇ ಹೇಳುತ್ತಿದ್ದ. ಅವಳು ಇಂಟರ್, ಅಂದರೆ ಪಿಯುಸಿ, ಮುಗಿಸಿ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದಳು. ಆ ಅಂಕಕ್ಕೆ ಆಚೆಯ ಪಂಗಡದಲ್ಲಿ ಸೀಟು ಸಿಗುತ್ತಿತ್ತು, ಈಚೆಯ ವರ್ಗದಲ್ಲಿ ಸಿಗಲಿಲ್ಲ. ಅವಳು ಮನೆಯಲ್ಲಿ ಕೂತಳು.

ಅಷ್ಟಾದರೂ ಒಂದು ಆಸೆ ಉಳಿದಿತ್ತು. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಕೇಳದೆಯೇ ನಡೆಯುವ ಮಾತು. ಈ ಇಬ್ಬರಿಗೂ ಚಿಕ್ಕಂದಿನಿಂದ ಗಂಡ ಹೆಂಡತಿ ಎಂದೇ ಚೇಷ್ಟೆ ಮಾಡುತ್ತಿದ್ದರು. ಹುಡುಗನಿಗೆ ಕೆಲಸ ಸಿಕ್ಕ ಮೇಲೆ ಆಚೆಯ ಮನೆ ಸುಮ್ಮನಾಯಿತು. ಆಮೇಲೆ ಹುಡುಗನ ಅಪ್ಪ ಬಂದು, ತಮ್ಮಲ್ಲಿ ಈಗ ಎಲ್ಲರೂ ತಮ್ಮ ಕಡೆಯ ಹೆಣ್ಣನ್ನೇ ನೋಡುತ್ತಾರೆ, ಹೆಣ್ಣಿಗೂ ಪಂಗಡದ ಕಾಗದವಿದ್ದರೆ ನಾಳೆ ಅವಳಿಗೂ ಕೆಲಸಕ್ಕೆ ಅನುಕೂಲ ಎಂದು ನೆಲ ನೋಡುತ್ತ ಹೇಳಿ ಹೋದ. ಭಾವ ಹಟ್ಟಿಯಿಂದ ಒಂದು ಮರಿ ಹಿಡಿದು ಅವನ ಕೈಗೆ ಕೊಟ್ಟು, ಮದುವೆಗೆ ಬರಲು ಆಗುವುದಿಲ್ಲ ಎಂದ. ಅಕ್ಕನ ಮಗಳನ್ನು ಚಿಪ್ಪಗಿರಿ ಕಡೆಯ ಆಟೋ ಹುಡುಗನಿಗೆ ಕೊಟ್ಟರು. ಒಳ್ಳೆಯ ಹುಡುಗ. ಈಚೆಯವನು.

ಕುಬುಸ ಮುಗಿಸಿ ಬಂದ ಮೇಲೆ ನಾನು ಭಾವನನ್ನು ಕೂರಿಸಿಕೊಂಡು ಕಾನೂನು ಹೇಳಿದೆ. ಜಾತಿಯ ಸ್ಥಾನಮಾನ ಹುಟ್ಟಿದ ಜಾಗದಿಂದ ಬರುವುದಿಲ್ಲ, ಅಪ್ಪನ ಮೂಲ ಊರಿನಿಂದ ಬರುತ್ತದೆ. ಕೂಸು ಬಳ್ಳಾರಿಯಲ್ಲಿ ಹುಟ್ಟಿದರೂ ಅಪ್ಪ ಚಿಪ್ಪಗಿರಿಯವನು. ಅದಕ್ಕೆ ಸಾಕ್ಷಿಯನ್ನು ಅವನ ಮನೆಯಿಂದಲೇ ಕೊಟ್ಟೆ: ಗುಮಾಸ್ತನಾದ ಅವನ ತಂಗಿಯ ಮಗ ಹುಟ್ಟಿದ್ದು ತಾಯಿಯ ತವರಿನಲ್ಲಿ, ಅಂದರೆ ಇದೇ ಮನೆಯ ಒಳಕೋಣೆಯಲ್ಲಿ, ಆಂಧ್ರದ ನೆಲದ ಮೇಲೆ. ಅದರಿಂದ ಅವನ ಪಂಗಡಕ್ಕೇನೂ ಆಗಲಿಲ್ಲ. ಅದೇ ನ್ಯಾಯ ತಿರುಗಿಸಿದರೆ ಆಚೆ ಹುಟ್ಟಿದ್ದರಿಂದ ನಿನ್ನ ಮೊಮ್ಮಗುವಿಗೂ ಏನೂ ಸಿಗುವುದಿಲ್ಲ.

ಭಾವ ಒಪ್ಪಲಿಲ್ಲ. "ಆಗ ಮನಿಯಾಗ ಹುಟ್ಟಿದ್ದು. ದವಾಖಾನಿ ಕಾಗದ ಇದ್ದಿಲ್ಲ" ಎಂದ. "ಈಗೆಲ್ಲ ಕಂಪ್ಯೂಟರು. ಕಂಪ್ಯೂಟರು ಊರು ನೋಡತೈತಿ."

ಅಕ್ಕ ಜೋಳದ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ನಿನ್ನ ಕುರಿ ಬಳ್ಳಾರಿ ಹೊಲದಾಗ ಈದ್ರ ಮರಿ ಕನ್ನಡ ಸಾಲಿಗೆ ಹೋಗತೈತೇನು?" ಎಂದಳು.

"ಕುರಿಗೆ ಸಾಲಿ ಬ್ಯಾಡ. ಕೂಸಿಗೆ ಬೇಕು" ಎಂದ ಭಾವ.

ಅವನಿಗೆ ಕಾನೂನು ಅರ್ಥವಾಗಿರಲಿಲ್ಲ ಎಂದು ನಾನು ಈಗ ಹೇಳಲಾರೆ. ಹುಟ್ಟುವ ಮೊದಲೇ ಒಂದು ಕೂಸಿನ ಬಾಗಿಲು ಮುಚ್ಚಿದೆ ಎಂಬುದು ಮನುಷ್ಯನಿಗೆ ಅರ್ಥವಾಗಬೇಕಾದ ಸಂಗತಿಯೇ ಅಲ್ಲ. ಅವನು ಕಿಂಡಿ ಹುಡುಕಿದ. ಆಚೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ತರುಬಿ ಮಲಗಿಸಲು ಹೋದಾಗ ಯಾರೋ ಹೇಳಿದ್ದನ್ನು ನಂಬಿದ. ನಮ್ಮ ಭಾಗದಲ್ಲಿ ಹೀಗೆ ನಂಬಿದವನು ಅವನೊಬ್ಬನೇ ಅಲ್ಲ.

ಅಕ್ಕನ ಮಗಳು ಹೋಗಲು ಒಪ್ಪಿದಳು. ಆಚೆಯ ಸೋದರತ್ತೆ ಕೂಡ ಮನಸಾರೆ ಕರೆದಳು. ಮದುವೆಯ ಮಾತು ಮುರಿದದ್ದು ಅವಳಿಗೆ ಒಳಗೆ ಚುಚ್ಚುತ್ತಿತ್ತು, ಸೊಸೆಯಾಗಿ ಬರಬೇಕಾಗಿದ್ದವಳಿಗೆ ಬಾಣಂತನವನ್ನಾದರೂ ಮಾಡುತ್ತೇನೆ ಎಂದಳು. ಗುಮಾಸ್ತ ಮಗ ಹೆಂಡತಿಯ ಜೊತೆ ಬಳ್ಳಾರಿಯಲ್ಲಿದ್ದ. ಅತ್ತೆಯ ಮನೆಯಲ್ಲಿ ಜಾಗವಿತ್ತು.

ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬಸುರಿಯ ಹೆಸರು ಚಿಪ್ಪಗಿರಿ ಕಡೆಯ ಅಂಗನವಾಡಿಯಲ್ಲಿ ದಾಖಲಾಗಿತ್ತು. ಅಲ್ಲಿ ಅವಳು ಇರಲಿಲ್ಲವಾದ್ದರಿಂದ ಅಲ್ಲಿಯ ಮೊಟ್ಟೆ, ಹಾಲು ನಿಂತವು. ಅತ್ತೆಯ ಊರಿನ ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನ ಬಿಸಿಯೂಟ ಹಾಕುತ್ತಿದ್ದರು. ಅಲ್ಲಿಯ ಕಾರ್ಯಕರ್ತೆ ಮರುಗಿದಳು, ಆದರೆ ಇವಳ ಕಾರ್ಡು ಬೇರೆ ರಾಜ್ಯದ್ದು. ಊಟದ ಲೆಕ್ಕವನ್ನು ಅವಳು ಫೋನಿನಲ್ಲಿ ಏರಿಸಬೇಕು, ಫೋನು ಒಪ್ಪುವುದಿಲ್ಲ. ಮೊದಲ ದಿನ ತನ್ನ ತಟ್ಟೆಯನ್ನೇ ಇವಳಿಗೆ ಕೊಟ್ಟಳಂತೆ. ಮರುದಿನದಿಂದ ಇವಳೇ ಹೋಗಲಿಲ್ಲ. ಎರಡು ಸರ್ಕಾರಗಳ ಅನ್ನದ ನಡುವೆ ಒಬ್ಬ ಬಸುರಿ ಅತ್ತೆಯ ಮನೆಯ ರೊಟ್ಟಿ ತಿಂದುಕೊಂಡಿದ್ದಳು. ಎರಡೂ ಕಡೆಯ ಗೋಡೆಗಳ ಮೇಲೆ ತಾಯಿಯ ಚಿತ್ರ ಬರೆದು, ನಿಮ್ಮ ಆರೋಗ್ಯವೇ ನಮ್ಮ ಆದ್ಯತೆ ಎಂಬ ಅರ್ಥದ ಮಾತು ಬರೆಸಿದ್ದರು, ಒಂದು ಕಡೆ ತೆಲುಗಿನಲ್ಲಿ, ಒಂದು ಕಡೆ ಕನ್ನಡದಲ್ಲಿ. ನಾನು ಎರಡನ್ನೂ ಓದಬಲ್ಲೆ. ಎರಡೂ ಸುಳ್ಳು ಹೇಳುತ್ತಿದ್ದವು.

ನೋವು ಬಂದದ್ದು ಹೇಳಿದ್ದ ದಿನಕ್ಕಿಂತ ಬಹಳ ಮುಂಚೆ, ಮಧ್ಯಾಹ್ನ. ಅತ್ತೆ ಆಂಬುಲೆನ್ಸಿಗೆ ಫೋನು ಮಾಡಿದಳು. ಆ ಊರಿನ ಆ ತುದಿಯಲ್ಲಿ ಫೋನುಗಳು ಈಚೆಯ ಟವರನ್ನು ಹಿಡಿಯುತ್ತವೆ. ಕರೆ ಆಂಧ್ರಕ್ಕೆ ಹೋಯಿತು. ಫೋನು ಎತ್ತಿದ ಹುಡುಗಿ ತೆಲುಗಿನಲ್ಲಿ ಯಾವ ಮಂಡಲ ಎಂದು ಕೇಳಿದಳು. ಅತ್ತೆ ತಾಲೂಕಿನ ಹೆಸರು ಹೇಳಿದಳು. ಆ ತಾಲೂಕು ಆ ಹುಡುಗಿಯ ಮುಂದಿನ ಪರದೆಯಲ್ಲಿ ಇರಲಿಲ್ಲ. ಹುಡುಗಿ ಮತ್ತೆ ಕೇಳಿದಳು, ಅತ್ತೆ ಮತ್ತೆ ಹೇಳಿದಳು. ಹುಡುಗಿಯ ತಪ್ಪೇನೂ ಇಲ್ಲ. ಅವಳ ರಾಜ್ಯ ಹಳ್ಳದ ಹತ್ತಿರ ಮುಗಿಯುತ್ತಿತ್ತು. ಅತ್ತೆ ಮನೆಯ ಮಾಳಿಗೆ ಹತ್ತಿ, ಪಡುವಣ ಮುಖ ಮಾಡಿ ಫೋನು ಎತ್ತಿ ಹಿಡಿದು, ಆಚೆಯ ಟವರು ಸಿಗುವವರೆಗೆ ತಿರುಗುತ್ತಿದ್ದಳು. ಕೆಳಗೆ ಅಕ್ಕನ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಕೊನೆಗೆ ಹತ್ತಿ ಹೇರಿಕೊಂಡು ಹೊರಟಿದ್ದ ಪಕ್ಕದ ಮನೆಯವರ ಟೆಂಪೋದಿಂದ ಅಂಡಿಗೆಗಳನ್ನು ಇಳಿಸಿ, ಅವಳನ್ನು ಅದರಲ್ಲೇ ಮಲಗಿಸಿ ಬಳ್ಳಾರಿಗೆ ಒಯ್ದರು.

ನಾನು ಆದೋನಿಯಿಂದ ಬಸ್ಸು ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತ್ತು. ಅಂಗೈಯಷ್ಟು ಎದೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಾಯಿಗೆ ರಕ್ತ ಬಹಳ ಹೋಗಿತ್ತು. ವೈದ್ಯರು, ನರ್ಸುಗಳು ತಮ್ಮ ಕೆಲಸವನ್ನು ಪೂರ್ತಿ ಮಾಡಿದರು, ಯಾವ ರಾಜ್ಯ ಎಂದು ಕೇಳುವ ಮೊದಲೇ ಮಾಡಿದರು. ಇದನ್ನು ದಾಖಲಿಸಬೇಕು. ಕೇಳಿದ್ದು ಆಮೇಲೆ, ಬೇರೆ ಕಿಟಕಿಯಲ್ಲಿ, ಹೆರಿಗೆಯ ಸವಲತ್ತುಗಳನ್ನು ಬರೆದುಕೊಳ್ಳುವವರು. ಆ ಕಿಟಕಿಯಲ್ಲಿ ಇವಳಿಗೆ ಏನೂ ಇರಲಿಲ್ಲ. ಊರಿಗೆ ಬಂದ ಮೇಲೆ ಈಚೆಯ ಕಿಟಕಿಯಲ್ಲೂ ಇರಲಿಲ್ಲ, ಹೆರಿಗೆ ಈಚೆ ಆಗಿರಲಿಲ್ಲ.

ಭಾವ ಪೆಟ್ಟಿಗೆಯ ಗಾಜಿನ ಮುಂದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಆಟೋದ ಅಳಿಯ ಅವನ ಪಕ್ಕ ಬಂದು ನಿಂತು, ಮೆಲ್ಲಗೆ, "ಮಾವ, ಇಬ್ಬರೂ ಉಳಕೊಂಡ್ರ ಸಾಕು, ಕುಲ ಏನಾರ ಆಗಲಿ" ಎಂದ.

ಇಬ್ಬರೂ ಉಳಿದರು. ಕೂಸು ಮೈ ಹಿಡಿಯಿತು. ಜನನ ಪತ್ರ ಬಂದಾಗ ಹುಟ್ಟಿದ ಸ್ಥಳ ಬಳ್ಳಾರಿ ಎಂದಿತ್ತು. ಭಾವ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ. ಕೂಸಿಗೆ ಹಲ್ಲು ಬಂದ ಮೇಲೆ, ನನ್ನನ್ನೂ ಕರೆದುಕೊಂಡು, ಆಚೆಯ ತಾಲೂಕಿನ ಕಚೇರಿಗೆ ಹೋದ. ಪೇಪರಿನವನು ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆಂದು ಅವನ ನಂಬಿಕೆ. ಅಲ್ಲಿಯ ನೌಕರ ಪತ್ರ ನೋಡಿದ, ಪಕ್ಕದಲ್ಲೇ ಬರೆದಿದ್ದ ತಂದೆಯ ಊರು ನೋಡಿದ, ನಾನು ಅಕ್ಕನ ಮನೆಯಲ್ಲಿ ಹೇಳಿದ್ದನ್ನೇ ನನಗಿಂತ ನಯವಾಗಿ ಹೇಳಿದ. ಭಾವ ಒಂದೇ ಒಂದು ಪ್ರಶ್ನೆ ಕೇಳಿದ: ತನ್ನ ತಂಗಿಯ ಮನೆತನ ಪಂಗಡವಾದರೆ, ಅವಳ ಅಣ್ಣನಾದ ತಾನು ಏನು? ನೌಕರ ನನ್ನ ಮುಖ ನೋಡಿದ. ಅಣ್ಣ ತಂಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಬ್ಬರ ಮೊಮ್ಮಕ್ಕಳು ಬುಡಕಟ್ಟಾಗಿ, ಇನ್ನೊಬ್ಬರ ಮೊಮ್ಮಕ್ಕಳು ಆಗದಿರುವುದನ್ನು ವಿವರಿಸುವ ಸಂಬಳ ಅವನಿಗೆ ಯಾರೂ ಕೊಡುತ್ತಿರಲಿಲ್ಲ.

ಕಚೇರಿಯ ಹೊರಗೆ ಚಹಾದ ಅಂಗಡಿ. ಅಲ್ಲಿ ಅರ್ಜಿ ಬರೆದುಕೊಡುವವನೊಬ್ಬ ಭಾವನಿಗೆ ಹೊಸ ದಾರಿ ತೋರಿಸಿದ. ದತ್ತು. ಆಚೆಯ ತಂಗಿಗೆ ಹೆಣ್ಣುಮಕ್ಕಳಿಲ್ಲ. ಅವಳೂ ಗಂಡನೂ ಕೂಸನ್ನು ದತ್ತು ತೆಗೆದುಕೊಂಡರೆ ಕೂಸಿಗೆ ಅಪ್ಪ ಬದಲಾಗುತ್ತಾನೆ, ಅಪ್ಪ ಬದಲಾದರೆ ಕುಲ ಬದಲಾಗುತ್ತದೆ. ಕಾಗದದ ಮೇಲೆ ಮಾತ್ರ. ಕೂಸು ಬೇಕಾದರೆ ತಾಯಿಯ ಹತ್ತಿರವೇ ಬೆಳೆಯಲಿ. ನಾನು, ಕಾನೂನು ಇದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು, ಇಂಥ ದತ್ತುವನ್ನು ಅಧಿಕಾರಿಗಳು ಅನುಮಾನದಿಂದಲೇ ನೋಡುತ್ತಾರೆ ಎಂದೆ. ಒಪ್ಪಬಹುದು ಎಂಬ ಮಾತು ಮಾತ್ರ ಭಾವನ ಕಿವಿಗೆ ಬಿತ್ತು.

ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದು ಭಾವನ ಮೇಲಿನದಲ್ಲ. ಒಂದು ಸರ್ಕಾರ ತನ್ನ ಪ್ರಜೆಗೆ ಶಾಲೆಯ ಸೀಟು ಕೊಡಲಿಕ್ಕೆ ನಿನ್ನ ಅಜ್ಜ ಹಳ್ಳದ ಯಾವ ದಂಡೆಯಲ್ಲಿದ್ದ ಎಂದು ಕೇಳುತ್ತದೆ. ಇನ್ನೊಂದು ಸರ್ಕಾರ, ನೀವು ಬಹಳ ಜನ ಇದ್ದೀರಿ, ಅದಕ್ಕೇ ನಿಮಗೆ ಮಾತು ಕೊಡುತ್ತೇವೆ, ಬಹಳ ಜನ ಇದ್ದೀರಿ, ಅದಕ್ಕೇ ಅದನ್ನು ನಡೆಸಲಾರೆವು ಎನ್ನುತ್ತದೆ. ಇವರಿಬ್ಬರ ನಡುವೆ ಒಬ್ಬ ಕುರುಬನಲ್ಲದ ಕುರಿಗಾಹಿ ತನ್ನ ಮೊಮ್ಮಗಳ ಅಪ್ಪನನ್ನು ಬದಲಾಯಿಸಲು ಹೊರಟ. ಇದಕ್ಕೆ ಅವನನ್ನು ದಡ್ಡ ಎನ್ನುವವರು ಅವನ ಮುಂದೆ ಎರಡನೇ ದಾರಿ ಯಾವುದಿತ್ತೆಂದು ತೋರಿಸಲಿ.

ಅಕ್ಕ ಜಗಳವಾಡಿದಳು. ಅಳಿಯ ಮಾವನ ಎದುರು ಮಾತಾಡುವವನಲ್ಲ, ಮಗಳ ಓದಿನ ಆಸೆ ಅವನಿಗೂ ಇತ್ತು. ಅಕ್ಕನ ಮಗಳು ಯಾರಿಗೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬರೀ ಕಾಗದವೇ ಎಂದು ಅಪ್ಪನನ್ನು ಒಮ್ಮೆ ಕೇಳಿದಳು. ಬರೀ ಕಾಗದವೇ ಎಂದು ಅವನು ಹೇಳಿದ. ಆಮೇಲೆ ದಿನ ಗೊತ್ತು ಮಾಡಿದರು.

ಆದರೆ ಬರೀ ಕಾಗದ ಆಗಲಿಲ್ಲ. ದತ್ತು ಕಾನೂನಿನಲ್ಲಿ ನಿಲ್ಲಬೇಕಾದರೆ ಕೊಡುವುದೂ ತೆಗೆದುಕೊಳ್ಳುವುದೂ ನಿಜವಾಗಿ ನಡೆಯಬೇಕು, ನಾಲ್ಕು ಜನರ ಎದುರು. ತಾಯಿ ತನ್ನ ಕೈಯಾರೆ ಕೂಸನ್ನು ಎತ್ತಿ ಆ ತಾಯಿಯ ಉಡಿಗೆ ಹಾಕಬೇಕು. ಅರ್ಜಿ ಬರೆಯುವವನು ಇದನ್ನು ಹೇಳಿದ್ದ, ಫೋಟೋ ಬೇಕೆಂದೂ ಹೇಳಿದ್ದ. ಹೀಗಾಗಿ ಅತ್ತೆಯ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಅತ್ತೆ ಹೊಸ ಸೀರೆ ಉಟ್ಟು, ಸೆರಗನ್ನು ಉಡಿಯಂತೆ ಹಿಡಿದು ಕೂತಳು. ಪಕ್ಕದಲ್ಲಿ ಅವಳ ಗಂಡ, ಮದುವೆಯ ಮಾತು ಮುರಿಯಲು ಬಂದಿದ್ದವನು. ಕೂಸಿಗೆ ಹೊಸ ಅಂಗಿ, ಕಾಲಿಗೆ ಕಡಗ ತಂದಿದ್ದರು. ಊರಿನ ಹಿರಿಯರು ನಾಲ್ಕೈದು ಜನ. ಗುಮಾಸ್ತ ಮಗನೂ ರಜೆ ಹಾಕಿ ಬಂದು ಬಾಗಿಲ ಹತ್ತಿರ ನಿಂತಿದ್ದ. ಫೋಟೋ ತೆಗೆಯುವ ಫೋನು ಅವನ ಕೈಯಲ್ಲಿತ್ತು.

ಅಕ್ಕನ ಮಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕಂಬಳಿಯ ಅಂಚಿನಲ್ಲಿ ನಿಂತಳು. ಕೂಸು ಅವಳ ಕರಿಮಣಿಯನ್ನು ಬಾಯಿಗೆ ಇಟ್ಟುಕೊಂಡಿತ್ತು. ಹಿರಿಯನೊಬ್ಬ, "ತಾಯಿ, ಹಾಕವ್ವ ಉಡಿಗೆ, ಹೊತ್ತು ಮೀರತೈತಿ" ಎಂದ. ಅವಳು ಬಗ್ಗಿದಳು. ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಉಡಿಯ ಹತ್ತಿರದವರೆಗೆ ತಂದಳು. ಅಲ್ಲಿ ನಿಂತಳು. ಹಾಗೆ ಬಗ್ಗಿಕೊಂಡೇ ಮಾತಾಡಿದಳು, ದನಿ ಏರಿಸದೆ.

"ಅತ್ತಿ, ಆಗ ನಿಮ್ಮ ಮಗಗ ನಾ ಸಾಲಲಿಲ್ಲ. ಈಗ ನನ್ನ ಮಗಳಿಗೂ ನಾ ಸಾಲೂದಿಲ್ಲೇನು?"

ಅತ್ತೆಯ ಕೈಯಿಂದ ಸೆರಗು ಜಾರಿತು. ಅವಳ ಗಂಡ ಗೋಡೆ ನೋಡಿದ. ಗುಮಾಸ್ತ ಮಗ ಫೋನನ್ನು ಕೆಳಗಿಳಿಸಿ ಅಂಗಳಕ್ಕೆ ಹೋದ. ಭಾವ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಮುಂಗೈ ಹಿಡಿದಳು. ಅಕ್ಕನ ಮಗಳು ಕೂಸನ್ನು ಮತ್ತೆ ಸೊಂಟಕ್ಕೇರಿಸಿ, ಹೊಸ ಅಂಗಿಯನ್ನೂ ಕಡಗವನ್ನೂ ಬಿಚ್ಚಿ ಕಂಬಳಿಯ ಮೇಲಿಟ್ಟು, ಹೊರಗೆ ನಿಂತಿದ್ದ ಗಂಡನ ಆಟೋ ಹತ್ತಿ ಕೂತಳು.

ಅತ್ತೆ ಹೊಸಿಲವರೆಗೆ ಬಂದಳು. ಕಡಗವಾದರೂ ಇರಲಿ, ಅದು ದತ್ತಿನದಲ್ಲ, ಸೋದರತ್ತೆ ಕೊಟ್ಟದ್ದು ಎಂದಳು. ಅಕ್ಕನ ಮಗಳು ಸ್ವಲ್ಪ ಯೋಚಿಸಿ, ಕೂಸಿನ ಕಾಲನ್ನು ಹೊರಗೆ ಚಾಚಿದಳು. ಅತ್ತೆ ತಾನೇ ತೊಡಿಸಿದಳು. ಇಬ್ಬರೂ ಅತ್ತರು. ನಾನು ಅದನ್ನು ನೋಡುತ್ತ ನಿಂತಾಗ ಅನ್ನಿಸಿದ್ದು ಇಷ್ಟೇ: ಇವರಿಬ್ಬರನ್ನು ಈ ಸ್ಥಿತಿಗೆ ತಂದವರಲ್ಲಿ ಒಬ್ಬನೂ ಈ ಅಂಗಳದಲ್ಲಿ ಇಲ್ಲ.

ಕೂಸಿಗೆ ಚಿಪ್ಪಗಿರಿ ಕಡೆಯ ಗ್ರಾಮ ಸಚಿವಾಲಯದಲ್ಲಿ ಹಿಂದುಳಿದ ವರ್ಗದ ಪತ್ರ ಮಾಡಿಸಿದರು. ಮಾಡಿಸಿದವಳು ತಾಯಿಯೇ. ಅವಳೀಗ ಊರಿನ ಶಾಲೆಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊ​ಡುತ್ತಾಳೆ. ತನ್ನ ಮಗಳು ಈಚೆಯ ವರ್ಗದಲ್ಲೇ ಸೀಟು ಹಿಡಿಯುವಷ್ಟು ಓದಬೇಕು ಎನ್ನುತ್ತಾಳೆ. ಕೇಳುವವರು ಭೇಷ್ ಎನ್ನುತ್ತಾರೆ. ನನಗೆ ಭೇಷ್ ಎನ್ನಲು ಮನಸ್ಸಾಗುವುದಿಲ್ಲ. ಆಚೆಯ ಕೂಸು ಸಾಧಾರಣವಾಗಿ ಓದಿದರೆ ಸಾಕು, ಈಚೆಯ ಕೂಸು ಅಸಾಧಾರಣವಾಗಬೇಕು; ಈ ಕರಾರಿಗೆ ಅವಳೂ ಅವಳ ಮಗಳೂ ಎಲ್ಲಿಯೂ ಸಹಿ ಹಾಕಿಲ್ಲ. ಭಾವ ಕುರಿಗಳ ಹಿಂದೆ ಹಳ್ಳ ದಾಟುವುದನ್ನು ಬಿಟ್ಟಿದ್ದಾನೆ. ಆಚೆ ಮೇವು ಚೆನ್ನಾಗಿದ್ದರೂ ಈಚೆಯ ಕುರುಚಲಿನಲ್ಲೇ ಮೇಯಿಸುತ್ತಾನೆ.

ಮೊನ್ನೆ ನಾನು ಅಕ್ಕನ ಮಗಳ ಮನೆಗೆ ಹೋಗಿದ್ದೆ. ಚುನಾವಣೆಯ ಗಾಳಿ ಶುರುವಾಗಿತ್ತು. ಅವಳ ಗಂಡನ ಆಟೋವನ್ನು ಒಂದು ಪಕ್ಷದವರು ಪ್ರಚಾರಕ್ಕೆ ಬಾಡಿಗೆ ಹಿಡಿದಿದ್ದರು. ಸುಗ್ಗಿ ಮುಗಿದ ಮೇಲೆ ಶೇರ್ ಆಟೋಗಳಿಗೆ ಗಿರಾಕಿ ಇರುವುದಿಲ್ಲ, ಅವನು ಬೇಡ ಎನ್ನುವ ಹಾಗಿರಲಿಲ್ಲ. ಆಟೋದ ಮೇಲೆ ಎರಡು ಮೈಕು, ಮುಂದೆ ಬಾವುಟ. ಮೊದಲೇ ರೆಕಾರ್ಡು ಮಾಡಿಕೊಟ್ಟ ದನಿಯೊಂದು, ತೆಲುಗಿನಲ್ಲಿ, ಆಮೇಲೆ ತಪ್ಪು ತಪ್ಪು ಕನ್ನಡದಲ್ಲಿ, ಈ ಸಲ ನಮ್ಮನ್ನು ಗೆಲ್ಲಿಸಿ, ಬೋಯ ಬಂಧುಗಳ ಮಕ್ಕಳಿಗೆ ಪಂಗಡದ ಸ್ಥಾನ ತಂದೇ ತರುತ್ತೇವೆ ಎಂದು ಹೇಳುತ್ತ ಓಣಿ ಓಣಿ ತಿರುಗುತ್ತಿತ್ತು. ಅದೇ ಮಾತನ್ನು ನಾನು ಎಷ್ಟು ಚುನಾವಣೆಗಳಲ್ಲಿ ಬರೆದುಕೊಂಡಿದ್ದೇನೋ. ಈ ಸಲ ನೋಟ್‌ಬುಕ್ಕು ತೆಗೆಯಲಿಲ್ಲ.

ಊಟದ ಹೊತ್ತಿಗೆ ಆಟೋ ಮನೆಯ ಕಡೆ ತಿರುಗಿತು. ದನಿ ಹತ್ತಿರವಾಗುತ್ತ ಬಂತು. ಒಳಗೆ ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು. ಅಕ್ಕನ ಮಗಳು ಬಾಗಿಲಿಗೆ ಬಂದು, ಆಟೋ ನಿಲ್ಲುವ ಮುಂಚೆಯೇ ಗಂಡನಿಗೆ ಕೈ ಅಡ್ಡ ಹಿಡಿದಳು.

"ಅದನ್ನ ಬಂದ್ ಮಾಡಿ ಒಳಗ ಬಾ" ಎಂದಳು. "ಕೂಸು ಮಲಗೇತಿ."